‘ನೀವು ಅವರಿಗೆ ಏನಾಗಬೇಕು?’ – ಇಬ್ಬರು ಹೆಂಗಸರಿಗೆ ಕೌಂಟರಿನ ಪ್ರಶ್ನೆ

ಜೆಪ್ಪುವಿನಲ್ಲಿ ಇಬ್ಬರು ಹೆಂಗಸರು ಒಂದೇ ಬಾಡಿಗೆ ಮನೆಯಲ್ಲಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಒಂದು ಗಂಡು, ಒಂದು ಹೆಣ್ಣು ಮದುವೆಯಿಲ್ಲದೆ ಒಂದೇ ಸೂರಿನಡಿ ಇದ್ದಾರೆಂದು ಗೊತ್ತಾದರೆ, ಮಾರ್ಕೆಟಿನ ಮೀನಿನ ಬುಟ್ಟಿ ಖಾಲಿಯಾಗುವ ಮೊದಲೇ ಸುದ್ದಿ ಮಂಗಳಾದೇವಿ ದಾಟಿ ಬೋಳಾರ ಮುಟ್ಟಿರುತ್ತದೆ. ಹೆಂಗಸರಿಬ್ಬರಾದರೆ ‘ಪಾಪ, ಒಬ್ಬರಿಗೊಬ್ಬರು ಆಸರೆ’ ಎಂಬಲ್ಲಿಗೆ ಮಾತು ಮುಗಿಯಿತು.

ಹೀಗೆ ಮುಗಿಯುವುದಕ್ಕೆ ಕಾರಣವೂ ಉಂಟು. ಹೆಂಗಸು ತನ್ನ ದುಡಿಮೆಯಲ್ಲಿ ತಾನು ಬದುಕುವುದು ಈ ಊರಿಗೆ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮಣ್ಣು ಹೊರುವುದಕ್ಕೆ, ಹಂಚು ಹೊತ್ತು ಜೋಡಿಸುವುದಕ್ಕೆ ಹೆಂಗಸರು ಮನೆಯಿಂದ ಹೊರಗೆ ಬಂದರು. ಆಮೇಲೆ ಜಿಲ್ಲೆಯ ಉದ್ದಗಲಕ್ಕೂ ಬೀಡಿ ಬಂತು. ಗಂಡಸರು ಬೊಂಬಾಯಿಗೆ ಹೋದರು, ಗಲ್ಫಿಗೆ ಹೋದರು. ಉಳಿದ ಮನೆಯನ್ನು ಅಕ್ಕತಂಗಿಯರು, ನಾದಿನಿ ಅತ್ತಿಗೆಯರು, ನೆರೆಕರೆಯ ಗೆಳತಿಯರು ಸೇರಿ ನಡೆಸಿದರು. ಹೆಂಗಸರೇ ಇರುವ ಮನೆಯೆಂದರೆ ಈ ಊರಿಗೆ ವಿಶೇಷವೇನಲ್ಲ.

ಆದರೆ ಆ ಇಬ್ಬರ ನಡುವೆ ಇರುವುದು ಬರೇ ಆಸರೆಯಲ್ಲ, ಒಲವು ಎಂದಾದರೆ? ಅಲ್ಲಿಂದ ಮುಂದೆ ಊರಿನ ಹತ್ತಿರ ಮಾತಿಲ್ಲ, ಸರಕಾರದ ಹತ್ತಿರ ಫಾರಮ್ಮಿಲ್ಲ.

ಪ್ರಾಯ ಕೇಳಿ ಬರುವುದಲ್ಲ

ಒಂದು ಉದಾಹರಣೆಗೆ ಹೇಳುವುದು, ಯಾರ ಮನೆಯ ಕಥೆಯೂ ಅಲ್ಲ. ಒಬ್ಬಾಕೆಗೆ ನಲ್ವತ್ತಾರು. ಗಂಡ ತೀರಿಕೊಂಡು ವರ್ಷಗಳಾದವು, ಮಕ್ಕಳಿಲ್ಲ. ಇನ್ನೊಬ್ಬಾಕೆಗೆ ನಲ್ವತ್ತೊಂಬತ್ತು. ತಂಗಿಯರ ಮದುವೆ ಮಾಡಿಸುವಷ್ಟರಲ್ಲಿ ತನ್ನ ಮದುವೆಯ ಪ್ರಾಯ ದಾಟಿತು. ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರು. ಮೊದಲು ಸೀಟು ಹಿಡಿದಿಡುವುದು, ಆಮೇಲೆ ಬುತ್ತಿ ಹಂಚುವುದು, ಮತ್ತೆ ಜ್ವರ ಬಂದಾಗ ಗಂಜಿ ಮಾಡಿ ತರುವುದು. ಒಂದು ದಿನ ಒಬ್ಬಾಕೆ ರಜೆ ಹಾಕಿದಾಗ ಇನ್ನೊಬ್ಬಾಕೆಗೆ ಹಂಪನಕಟ್ಟೆವರೆಗಿನ ದಾರಿ ಮುಗಿಯುವುದೇ ಇಲ್ಲ. ‘ಇದೆಂಥದು ನನಗೆ, ಈ ಪ್ರಾಯದಲ್ಲಿ?’ ಎಂದು ಆಕೆ ತನ್ನನ್ನೇ ಕೇಳಿಕೊಳ್ಳುತ್ತಾಳೆ.

ಇಂಥದ್ದು ಹದಿನೆಂಟಕ್ಕೇ ಬರಬೇಕೆಂಬ ಕಾನೂನಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮದುವೆ ಎಂಬುದು ಕೇಳಿ ಮಾಡುವ ಸಂಗತಿಯಾಗಿರಲಿಲ್ಲ. ಯಾರನ್ನು ಕಂಡರೆ ಮನಸ್ಸು ಅರಳುತ್ತದೆ ಎಂದು ಯೋಚಿಸಲು ಬಿಡುವು ಸಿಗುವುದು ಜವಾಬ್ದಾರಿ ಎಲ್ಲ ಮುಗಿದ ಮೇಲೆ. ಹಾಗಾಗಿ ನಲ್ವತ್ತರ ನಂತರ ಗೊತ್ತಾಗುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟಾದರೂ ಲೋಕಕ್ಕೆ ತೊಂದರೆ ಏನಿಲ್ಲ. ತೊಂದರೆ ಶುರುವಾಗುವುದು ಇಬ್ಬರಲ್ಲಿ ಒಬ್ಬಾಕೆ ಆಸ್ಪತ್ರೆಗೆ ಸೇರಿದ ದಿವಸ. ಕೌಂಟರಿನಲ್ಲಿ ಮೊದಲ ಪ್ರಶ್ನೆ: ‘ನೀವು ಅವರಿಗೆ ಏನಾಗಬೇಕು?’

ಭೋಪಾಲದ ಇಬ್ಬರು ಪೊಲೀಸರು

ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಹಿಂದೆಯೂ ಇದ್ದರು. ಲೀಲಾ ನಾಮದೇವ್ ಮತ್ತು ಊರ್ಮಿಳಾ ಶ್ರೀವಾಸ್ತವ ಮಧ್ಯಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯ ಕಾನ್‌ಸ್ಟೆಬಲ್‌ಗಳು. ಇಬ್ಬರೂ ಸಾಮಾನ್ಯ ಮನೆಯವರು. 1987ರ ದಶಂಬರದಲ್ಲಿ ಪರಸ್ಪರ ಮದುವೆಯಾದರು. ಸುದ್ದಿ ಹೊರಬಿದ್ದದ್ದೇ ತಡ, ಇಬ್ಬರನ್ನೂ ಕೆಲಸದಿಂದ ತೆಗೆದರು. 1988ರ ಆರಂಭದಲ್ಲಿ ದೇಶದ ಪತ್ರಿಕೆಗಳೆಲ್ಲ ಅವರ ಫೋಟೋ ಹಾಕಿದವು. ಸಂಬಳ ಕೈತಪ್ಪಿ ಹೋಯಿತು.

ಅವರು ಕದ್ದವರಲ್ಲ, ಲಂಚ ತಿಂದವರಲ್ಲ. ಒಬ್ಬರಿಗೊಬ್ಬರು ಏನಾಗಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿದರು, ಅಷ್ಟೆ.

ಹತ್ತು ವರ್ಷ ಕಳೆದ ಮೇಲೆ, 1998ರಲ್ಲಿ, ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರ ಥಿಯೇಟರಿಗೆ ಬಂತು. ಶಬಾನಾ ಆಜ್ಮಿ, ನಂದಿತಾ ದಾಸ್ ನಟಿಸಿದ ಈ ಚಿತ್ರ ದಿಲ್ಲಿಯ ಒಂದು ಮನೆಯ ಇಬ್ಬರು ಓರಗಿತ್ತಿಯರ ಕಥೆ. ಮುಂಬಯಿ, ದಿಲ್ಲಿಯ ಥಿಯೇಟರುಗಳ ಮೇಲೆ ದಾಳಿ ನಡೆದು ಗಾಜು ಒಡೆಯಿತು.

ಹೆಂಗಸರನ್ನು ಮರೆತ ಕಾನೂನು

ಕಾನೂನಿನ ಕಡೆ ನೋಡಿದರೆ ತಮಾಷೆ ಉಂಟು. ಇಂಗ್ಲೆಂಡಿನಲ್ಲಿ ಹೆಂಗಸರ ನಡುವಿನ ಸಂಬಂಧವನ್ನು ಅಪರಾಧ ಮಾಡುವ ಕಲಮೊಂದು 1921ರಲ್ಲಿ ಪಾರ್ಲಿಮೆಂಟಿನ ಕೆಳಮನೆಯಲ್ಲಿ ಪಾಸಾಯಿತು. ಮೇಲ್ಮನೆಯ ಲಾರ್ಡುಗಳು ಅದನ್ನು ಕಿತ್ತು ಹಾಕಿದರು. ಪ್ರೀತಿಯ ಮೇಲಿನ ಗೌರವದಿಂದಲ್ಲ, ಮಾರಾಯ್ರೆ! ಹೀಗೂ ಒಂದುಂಟು ಎಂದು ಹೆಂಗಸರಿಗೆ ಗೊತ್ತಾದರೆ ಕಷ್ಟ ಎಂಬ ಹೆದರಿಕೆಯಿಂದ.

ನಮ್ಮಲ್ಲಿ ಇದ್ದದ್ದು 1860ರ ದಂಡ ಸಂಹಿತೆಯ 377ನೇ ಕಲಂ. ಹೆಂಗಸರ ಮಟ್ಟಿಗೆ ಅದು ಕೇಸಿಗಿಂತ ಬೆದರಿಕೆಗೆ ಬಳಕೆಯಾದದ್ದೇ ಹೆಚ್ಚು. ಮನೆಬಿಟ್ಟು ಹೋದ ಹೆಣ್ಣುಮಕ್ಕಳ ಮೇಲೆ ಮನೆಯವರು ಕೊಡುತ್ತಿದ್ದದ್ದು ಅಪಹರಣದ ದೂರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಪ್ರಾಯಕ್ಕೆ ಬಂದವರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಅಲ್ಲಿಗೆ ಪೊಲೀಸು ಠಾಣೆಯ ಹೆದರಿಕೆ ಹೋಯಿತು. ಕೌಂಟರಿನ ಪ್ರಶ್ನೆ ಹೋಗಲಿಲ್ಲ.

47 ಮತ್ತು 36

2020ರಲ್ಲಿ ದಿಲ್ಲಿ ಹೈಕೋರ್ಟಿಗೆ ಇಬ್ಬರು ಹೆಂಗಸರು ಬಂದರು. ಡಾ. ಕವಿತಾ ಅರೋರಾ, ಪ್ರಾಯ 47, ಮನೋವೈದ್ಯೆ. ಅಂಕಿತಾ ಖನ್ನಾ, ಪ್ರಾಯ 36, ಮಾನಸಿಕ ಚಿಕಿತ್ಸಕಿ. ಒಂದೇ ಕ್ಷೇತ್ರದಲ್ಲಿ ಜತೆಯಾಗಿ ದುಡಿಯುವವರು. ಎಂಟು ವರ್ಷದಿಂದ ಒಂದೇ ಮನೆಯಲ್ಲಿದ್ದರು. 1954ರ ವಿಶೇಷ ವಿವಾಹ ಕಾಯಿದೆಯಡಿ ತಮ್ಮ ಮದುವೆ ನಡೆಸಿಕೊಡಿ ಎಂದು ಮದುವೆ ಅಧಿಕಾರಿಯನ್ನು ಕೇಳಿದರು. ಇಬ್ಬರೂ ಹೆಂಗಸರು ಎಂಬ ಕಾರಣಕ್ಕೆ ಆಗಲಿಲ್ಲ. ಬ್ಯಾಂಕು, ವಿಮೆ ಎಂಬ ದಿನನಿತ್ಯದ ವ್ಯವಹಾರಗಳಲ್ಲಿ ತಮ್ಮನ್ನು ಜೋಡಿಯೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಅವರ ದೂರು.

ಇಂಥ ಅರ್ಜಿಗಳೆಲ್ಲ ಒಟ್ಟಾಗಿ ಸುಪ್ರೀಂ ಕೋರ್ಟಿಗೆ ಹೋದವು. 2023ರಲ್ಲಿ ಹತ್ತು ದಿವಸ ವಾದ ನಡೆಯಿತು. ಅಕ್ಟೋಬರ್ 17ರಂದು ತೀರ್ಪು. ಮದುವೆ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯಿದೆಗೆ ಕೋರ್ಟು ಹೊಸ ಅರ್ಥ ಸೇರಿಸಲಾಗದು ಎಂದು ಐವರೂ ಹೇಳಿದರು. ಮದುವೆ ಅಲ್ಲದಿದ್ದರೂ ಜೋಡಿಯಾಗಿ ಇರುವುದಕ್ಕೆ ಸರಕಾರದ ಮಾನ್ಯತೆ ಸಿಗಬೇಕೇ ಎಂಬಲ್ಲಿ ಇಬ್ಬರು ನ್ಯಾಯಮೂರ್ತಿಗಳು ಹೌದೆಂದರು, ಮೂವರು ಇಲ್ಲವೆಂದರು. ಒಟ್ಟಿಗೆ ಬದುಕುವ ಹಕ್ಕು ಉಂಟು ಎಂಬುದನ್ನು ಆ ಮೂವರೂ ಅಲ್ಲಗಳೆಯಲಿಲ್ಲ. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಅಂದರೆ ಒಟ್ಟಿಗೆ ಇರಬಹುದು. ಆದರೆ ಒಬ್ಬರಿಗೊಬ್ಬರು ಏನೂ ಆಗುವುದಿಲ್ಲ.

ರೇಶನ್ ಕಾರ್ಡಿನ ಕಿಟಕಿ

ತೀರ್ಪಿನ ಸಮಯದಲ್ಲಿ ಒಪ್ಪಿಕೊಂಡಂತೆ ಕೇಂದ್ರ ಸರಕಾರ 2024ರ ಏಪ್ರಿಲಿನಲ್ಲಿ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಅದೇ ವರ್ಷ ಮೂರು ಕಾಗದಗಳು ಹೊರಬಿದ್ದವು. ಜೆಪ್ಪುವಿನವರಿಗೂ ತಿಳಿದಿರಬೇಕಾದ್ದು ಅವು.

ಒಂದು, ರೇಶನ್ ಕಾರ್ಡಿಗೆ ಇಂಥ ಜೋಡಿಯನ್ನು ಒಂದೇ ಕುಟುಂಬವೆಂದು ಎಣಿಸಬೇಕು ಎಂದು ಆಹಾರ ಇಲಾಖೆ ರಾಜ್ಯಗಳಿಗೆ ಬರೆಯಿತು. ಎರಡು, ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಹಣಕಾಸು ಸಚಿವಾಲಯ ಆಗಸ್ಟ್ 28ರಂದು ಸ್ಪಷ್ಟ ಮಾಡಿತು. ಮೂರು, ಹತ್ತಿರದ ಬಂಧುಗಳು ಸಿಗದಾಗ ಜತೆಗಾತಿಯೇ ಮೃತದೇಹ ಪಡೆಯಬಹುದು ಎಂದು ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಹಾಕಿತು.

ಬಂಧುಗಳು ಸಿಗದಾಗ! ಇಪ್ಪತ್ತು ವರ್ಷ ಒಟ್ಟಿಗೆ ಅಡಿಗೆ ಮಾಡಿ ಉಂಡವಳ ಸರದಿ, ವರ್ಷಕ್ಕೊಮ್ಮೆ ಫೋನು ಮಾಡದ ದಾಯಾದಿಯ ನಂತರ.

ಮನೆ ಯಾರಿಗೆ?

ಆಸ್ತಿಯ ಲೆಕ್ಕ ಇನ್ನೂ ಬಿಗಿ. ಉಯಿಲು ಬರೆಯದೆ ಹಿಂದೂ ಹೆಂಗಸು ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯಿದೆಯ 15ನೇ ಕಲಂ ಪ್ರಕಾರ ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಹೆತ್ತ ತಾಯಿಯ ಸರದಿ ಅವರ ನಂತರ! ಮೇಲೆ ಹೇಳಿದ ನಲ್ವತ್ತಾರರ ವಿಧವೆ ಬೀಡಿ ಸುತ್ತಿ ಕಟ್ಟಿಸಿದ ಎರಡು ಕೋಣೆ, ಆಕೆಯ ಮುಖ ನೋಡದ ಮೈದುನನಿಗೆ ಹೋಗಬಹುದು.

ಅಳಿಯಸಂತಾನದವರಿಗೆ ಅದೇ ಕಾಯಿದೆಯ 17ನೇ ಕಲಂ ಬೇರೆ ಕ್ರಮ ಹೇಳುತ್ತದೆ. ಮಕ್ಕಳ ಜತೆ ತಾಯಿಯೂ ಮೊದಲ ಸಾಲಿನಲ್ಲಿ, ಗಂಡನ ಕಡೆಯವರು ಎಲ್ಲರಿಗಿಂತ ಕೊನೆಗೆ. ತುಳುನಾಡಿನ ಹಳೆಯ ಕಟ್ಟು ಇಷ್ಟರ ಮಟ್ಟಿಗೆ ಹೆಂಗಸಿನ ಕಡೆ ನಿಂತಿದೆ. ಕ್ರೈಸ್ತರಿಗೆ 1925ರ ಕಾಯಿದೆ, ಮುಸ್ಲಿಮರಿಗೆ ಅವರ ಶರೀಅತ್. ಲೆಕ್ಕ ಬೇರೆ ಬೇರೆ. ಯಾವ ಪಟ್ಟಿಯಲ್ಲಿ ಹುಡುಕಿದರೂ ಗೆಳತಿ ಎಂಬ ಸಾಲು ಮಾತ್ರ ಇಲ್ಲ.

ನಾಮಿನಿ ಮಾಡಿದ್ದೇವೆ, ಇನ್ನೆಂಥ ಹೆದರಿಕೆ ಎನ್ನುವವರಿಗೆ ಒಂದು ಎಚ್ಚರಿಕೆ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವವಳು, ಮಾಲಕಿ ಅಲ್ಲ. ವಾರಸುದಾರರು ನಾಳೆ ಬಂದು ಕೇಳಬಹುದು. ಪ್ರಾವಿಡೆಂಟ್ ಫಂಡಿನಲ್ಲಿ ನಿಯಮ ಇನ್ನೊಂದು ಬಗೆ. ಗಂಡ, ಮಕ್ಕಳು, ಅವಲಂಬಿತ ತಂದೆತಾಯಿ ಇದ್ದವರು ಅವರಲ್ಲೇ ಹೆಸರು ಕೊಡಬೇಕು. ಅಂಥ ಕುಟುಂಬ ಇಲ್ಲದವರು ಯಾರ ಹೆಸರನ್ನಾದರೂ ಬರೆಯಬಹುದು.

ಏನು ಮಾಡಬಹುದು?

ಕಾನೂನು ಬದಲಾಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲನೆಯದು ಉಯಿಲು. ಇದಕ್ಕೆ ಸ್ಟಾಂಪ್ ಪೇಪರು ಬೇಡ, ಬಿಳಿ ಹಾಳೆ ಸಾಕು. ಬರೆದಾಕೆ ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆಸ್ತಿ ಪಡೆಯುವವಳೇ ಸಾಕ್ಷಿ ಹಾಕದಿದ್ದರೆ ಒಳ್ಳೆಯದು. ರಿಜಿಸ್ಟ್ರಿ ಕಡ್ಡಾಯವಲ್ಲ, ಆದರೆ ಮಾಡಿಸಿಟ್ಟರೆ ನಾಳೆಯ ತಕರಾರಿಗೆ ಉತ್ತರ ಸಿಗುತ್ತದೆ. ಮುಸ್ಲಿಮರು ಮಾತ್ರ, ವಾರಸುದಾರರು ಒಪ್ಪದಿದ್ದರೆ, ಮೂರರಲ್ಲಿ ಒಂದು ಪಾಲನ್ನಷ್ಟೇ ಹೀಗೆ ಬರೆಯಬಹುದು.

ಎರಡನೆಯದು, ಬಾಡಿಗೆ ಚೀಟಿ ಇಬ್ಬರ ಹೆಸರಿನಲ್ಲೂ ಇರಲಿ. ಹೆಸರಿದ್ದಾಕೆ ಹೋದ ಮೇಲೆ ಇನ್ನೊಬ್ಬಾಕೆ ಚಾಪೆ ಸುತ್ತಿಕೊಂಡು ಬೀದಿಗೆ ಬರುವುದು ಬೇಡ.

ಮೂರನೆಯದು ಆಸ್ಪತ್ರೆ. ಪ್ರಜ್ಞೆಯಿರುವ ರೋಗಿಯ ಒಪ್ಪಿಗೆ ರೋಗಿಯದೇ, ಬಂಧುಗಳದ್ದಲ್ಲ. 2008ರಲ್ಲಿ ಸುಪ್ರೀಂ ಕೋರ್ಟು ಹೀಗೆಂದದ್ದು 44 ವರ್ಷದ ಒಬ್ಬ ಅವಿವಾಹಿತೆಯ ಮೊಕದ್ದಮೆಯಲ್ಲೇ. ಆಕೆಗೆ ಅರಿವಳಿಕೆ ಕೊಟ್ಟ ಮೇಲೆ ತಾಯಿಯನ್ನು ಕೇಳಿ ಮಾಡಿದ ದೊಡ್ಡ ಶಸ್ತ್ರಚಿಕಿತ್ಸೆಗೆ ತಾಯಿಯ ಒಪ್ಪಿಗೆ ಸಾಲದು ಎಂದಿತು. ಮಾನಸಿಕ ಕಾಯಿಲೆಯ ಚಿಕಿತ್ಸೆಗಾದರೆ, ತನ್ನ ಪರವಾಗಿ ನಿಲ್ಲುವವರು ಯಾರೆಂದು ಬಿಳಿ ಹಾಳೆಯಲ್ಲಿ ಬರೆದುಕೊಡಲು 2017ರ ಕಾಯಿದೆಯಲ್ಲೇ ಅವಕಾಶವುಂಟು. ಅವರು ರಕ್ತಸಂಬಂಧಿಯೇ ಆಗಬೇಕೆಂದಿಲ್ಲ.

ಮನೆಯವರು ಕೂಡಿಹಾಕಿದರೆ ಹೈಕೋರ್ಟಿನ ಬಾಗಿಲು ತೆರೆದಿದೆ. ಅಂಥ ಅರ್ಜಿಗಳನ್ನು ತಡಮಾಡದೆ ಕೇಳಬೇಕು, ಬುದ್ಧಿವಾದದ ಹೆಸರಿನಲ್ಲಿ ಮನಸ್ಸು ತಿರುಗಿಸಲು ಹೋಗಬಾರದು ಎಂದು ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಕೆಳಗಿನ ಕೋರ್ಟುಗಳಿಗೆ ಹೇಳಿದೆ. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು, ಮನೆಯವರು ಹಿಡಿದಿಟ್ಟಿದ್ದ 25ರ ಯುವತಿಯನ್ನು ಬಿಡಿಸಿ, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದಿತು. ಆಕೆಗೆ 25. ನಲ್ವತ್ತಾರರವಳನ್ನು ಯಾರೂ ಕೋಣೆಯಲ್ಲಿ ಕೂಡಿಹಾಕುವುದಿಲ್ಲ. ‘ಈ ಪ್ರಾಯದಲ್ಲಿ ನಾಚಿಕೆಯಾಗುವುದಿಲ್ಲವಾ?’ ಎಂಬ ಒಂದು ಮಾತು ಬೀಗದ ಕೆಲಸ ಮಾಡುತ್ತದೆ.

ನೆರೆಕರೆಯ ಸಹಿ

ಇಬ್ಬರು ಹೆಂಗಸರ ಪ್ರೀತಿಯನ್ನು ಊರು ಒಪ್ಪಬೇಕೇ ಬೇಡವೇ ಎಂದು ಚರ್ಚೆ ಮಾಡುವವರು ಮಾಡಲಿ. ಬಸ್ಸಿನಲ್ಲಿ ಹೊತ್ತು ಹೋಗಬೇಕಲ್ಲ! ಆದರೆ ಅವರ ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಅಣ್ಣತಮ್ಮಂದಿರು ಬರಲಿಕ್ಕಿಲ್ಲ. ಬರಬಹುದಾದವರು ದಿನಾ ಹಾಲಿನ ಪ್ಯಾಕೇಟು ಕೊಡುವ ಅಂಗಡಿಯವರು, ಗೋಡೆಯಾಚೆಗಿನ ನೆರೆಮನೆಯವರು, ಹತ್ತು ವರ್ಷ ಒಂದೇ ಸೀಟಿನಲ್ಲಿ ಕೂತುಬಂದ ಸಹಪ್ರಯಾಣಿಕರು. ಸಾಕ್ಷಿ ಹಾಕುವವರು ಮದುವೆಯ ಬಗ್ಗೆ ಅಭಿಪ್ರಾಯ ಹೇಳಬೇಕಾಗಿಲ್ಲ. ಈಕೆ ತನ್ನ ಮನಸ್ಸಿನಿಂದ ಸಹಿ ಹಾಕಿದ್ದನ್ನು ಕಣ್ಣಾರೆ ಕಂಡೆ ಎಂದರೆ ಸಾಕು.

ಜೆಪ್ಪುವಿನ ನೆರೆಕರೆಯವರಿಗೆ ಅಷ್ಟು ಸತ್ಯ ಹೇಳುವುದು ಕಷ್ಟವಾಗಲಿಕ್ಕಿಲ್ಲ.