ಮೊಳೆಗೆ ತೂಗುವ ಕೀಲಿಕೈ

ಜುಲೈ ತಿಂಗಳ ಬೆಳಗು. ಹೊನ್ನಾವರದ ಬಳಿಯ ಮಂಕಿಯಲ್ಲಿ ಮಳೆ ಹೊಳವಾಗಿದ್ದರೂ ತೆಂಗಿನ ಗರಿಗಳು ಹನಿ ಉದುರಿಸುವುದನ್ನು ನಿಲ್ಲಿಸಿಲ್ಲ. ಹೆದ್ದಾರಿಯ ಲಾರಿಯ ಸದ್ದು ದೂರವಾದರೆ ಕಡಲಿನ ಮೊರೆತ, ಅದು ತಗ್ಗಿದರೆ ಕೊಂಕಣ ರೈಲಿನ ಕೂಗು. ಬನ್ನಿ, ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ಕೆಸರಾದ ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು ಈ ಕನ್ನಡ ಹೈಸ್ಕೂಲಿನ ಒಳಗೆ ಹೋಗೋಣ.

ನೆಂದ ಯೂನಿಫಾರ್ಮಿನ ವಾಸನೆ, ಜಡೆಗೆ ಮುಡಿದ ಮಲ್ಲಿಗೆಯ ಘಮ, ಅಡುಗೆಕೋಣೆಯಿಂದ ಬಿಸಿಯೂಟದ ಸಾಂಬಾರಿನ ಒಗ್ಗರಣೆ. ಹೆಡ್‌ಮಾಸ್ತರರ ಕೋಣೆಯ ಬಾಗಿಲ ಪಕ್ಕ, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಒಂದು ಮೊಳೆ. ಅದರಲ್ಲಿ ಕೆಂಪು ದಾರ ಕಟ್ಟಿದ ಕೀಲಿಕೈ. ಕಂಪ್ಯೂಟರ್ ಕೋಣೆಯದು. 2001ರ ಹೊತ್ತಿಗೆ ಮಾಹಿತಿ ಸಿಂಧು ಯೋಜನೆಯಲ್ಲಿ ರಾಜ್ಯದ 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದಾಗಿನಿಂದ ಇಂಥ ಕೀಲಿಕೈಗಳನ್ನು ನಾನು ಬೀರುವಿನೊಳಗೇ ಹೆಚ್ಚು ಕಂಡವನು. ಯಂತ್ರ ಕೆಟ್ಟರೆ ಯಾರು ಹೊಣೆ ಎಂಬ ಅಂಜಿಕೆ. ಆ ಅಂಜಿಕೆಯನ್ನು ತನ್ನ ಮೇಲೆ ಹೊತ್ತುಕೊಂಡು ಕೀಲಿಕೈಯನ್ನು ಮಕ್ಕಳ ಕೈಗೆ ಬಿಟ್ಟವರೇ ನನ್ನ ಮಟ್ಟಿಗೆ ಶಾಲೆಯ ನಿಜವಾದ ಯಜಮಾನರು.

ಒಳಗೆ ಒಂದು ಪರದೆಗೆ ಮೂವರು. ಹುಡುಗಿಯೊಬ್ಬಳು ಮೌಸಿನಿಂದ ಬ್ಯಾಟರಿಗೆ ತಂತಿ ಎಳೆದು ಬಲ್ಬು ಸಿಕ್ಕಿಸುತ್ತಾಳೆ, ಪರದೆಯಲ್ಲಿ ಬೆಳಕು. ಅದೇ ಸಾಲಿಗೆ ಇನ್ನೊಂದು ಬಲ್ಬು ಸೇರಿಸಿದ್ದೇ ತಡ, ಎರಡೂ ಮಂಕು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2002ರಿಂದ ಬೆಳೆಸುತ್ತ ಬಂದ ‘ಫೆಟ್’ ಎಂಬ ಪ್ರಯೋಗಮಾಲೆ ಇದು. ಕಾಸು ಕೊಡಬೇಕಿಲ್ಲ, ಕನ್ನಡದಲ್ಲೂ ಸಿಗುತ್ತದೆ.

“ಎಂತಕ್ಕೆ ಮಂಕಾಯ್ತು, ಹೇಳಿ ನೋಡ್ವ?” ಟೀಚರು, ಅಂದರೆ ಮಕ್ಕಳ ‘ಅಕ್ಕೋರು’, ಕೇಳುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಒಂದೆರಡು ಬಾರಿ ಕೂಗಿ ಸುಮ್ಮನಾಯಿತು. ಅವರು ಗೊಣಗಲಿಲ್ಲ. ಮೇಜಿನ ಖಾನೆಯಿಂದ ಟಾರ್ಚಿನ ಸೆಲ್ಲು, ತುಂಡು ತಂತಿ, ಎರಡು ಪುಟ್ಟ ಬಲ್ಬು ತೆಗೆದು ಮಕ್ಕಳ ಮುಂದಿಟ್ಟರು.

“ಅಕ್ಕೋರೆ, ನಮ್ಮ ಅಪ್ಪನ ಬೋಟಲ್ಲಿ ಒಂದು ಬಲ್ಬ್ ಹೋದ್ರೂ ಇನ್ನೊಂದು ಉರೀತದೆ. ಅದು ಹ್ಯಾಂಗೆ?” ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ. ಅಕ್ಕೋರು ಉತ್ತರಿಸದೆ ತಂತಿಯನ್ನು ಅವನತ್ತ ಸರಿಸಿದರು.

ಅವನ ಅಪ್ಪ ಈಗ ಊರಲ್ಲೇ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಲೆ ರಿಪೇರಿಯ ಈ ದಿನಗಳನ್ನೇ ನೋಡಿ ಹೆಡ್‌ಮಾಸ್ತರರು ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆ ಕರೆಯುತ್ತಾರೆ. ಮೀನಿನ ಸೀಸನ್ನಿನಲ್ಲಿ ಕರೆದರೆ ಬರುವವರು ಯಾರು! ಜಿಪಿಎಸ್ ನೋಡಿ ದಡ ಸೇರುವ ಅಪ್ಪಂದಿರಿಗೆ ಕಂಪ್ಯೂಟರಿನ ಬೆಲೆಯನ್ನು ಯಾರೂ ವಿವರಿಸಬೇಕಿಲ್ಲ.

ಹೊರಜಗತ್ತು ಈ ಕರಾವಳಿಗೆ ಹೊಸತೂ ಅಲ್ಲ. 14ನೇ ಶತಮಾನದಲ್ಲಿ ಪಕ್ಕದ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡು ಬೆರಗಿನಿಂದ ಬರೆದಿಟ್ಟಿದ್ದಾನೆ. ಇಂದಿಗೂ ಮಂಕಿಯ ಎಷ್ಟೋ ಮನೆಗಳ ಸಂಜೆ ದುಬೈನಿಂದ ಬರುವ ವಿಡಿಯೊ ಕರೆಯೊಂದಿಗೆ ಶುರುವಾಗುತ್ತದೆ. ಮನೆಯಲ್ಲಿ ನವಾಯತಿ ಅಥವಾ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಪರದೆಯಲ್ಲಿ ಇಂಗ್ಲಿಷ್: ನಾಲಿಗೆ ಬದಲಿಸುವ ಈ ಸಲೀಸು ಜಗತ್ತಿನ ಪೈಪೋಟಿಗೆ ಇಳಿಯುವವರಿಗೆ ಸಣ್ಣ ಬಂಡವಾಳವೇ? ಇಂಗ್ಲಿಷಿನ ಭಯಕ್ಕೆ ನಾವು ಈ ಮಕ್ಕಳನ್ನು ಬಡವರೆಂದು ಎಣಿಸುವುದು ನನಗೆ ಸಂಕಟದ ಮಾತು.

ಹುಡುಗ ಎರಡು ಬಲ್ಬಿಗೂ ಬೇರೆ ಬೇರೆ ತಂತಿ ಸುತ್ತಿ ಸೆಲ್ಲಿಗೆ ಮುಟ್ಟಿಸಿದ. ಬೆರಳು ಜಾರಿ ಒಮ್ಮೆ ಆರಿತು. ಗೆಳೆಯನೊಬ್ಬ ತಂತಿಯ ತುದಿ ಒತ್ತಿ ಹಿಡಿದ. ಈಗ ಎರಡೂ ಪೂರಾ ಉರಿದವು. ಒಂದನ್ನು ಕಿತ್ತ, ಇನ್ನೊಂದು ಅಲುಗದೆ ಉರಿಯಿತು.

ಕರೆಂಟು ಬಂತು. ಹುಡುಗಿ ಪರದೆಯಲ್ಲೂ ಹಾಗೆಯೇ ಜೋಡಿಸಿ ನೋಡಿದಳು. ಊಟದ ಗಂಟೆ ಹೊಡೆದಾಗ ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಮೊಳೆಗೆ ಸಿಕ್ಕಿಸಿ, ತಟ್ಟೆ ಹಿಡಿದು ಓಡಿದಳು.