ಹಣೆಯಿಂದ ಇಳಿದ ಮೂಗು

ಹೋದ ಮೂಗು ಮತ್ತೆ ಬರುತ್ತದೆಯೇ? ಬರುತ್ತದೆ! ಅದೂ ಹಣೆಯಿಂದ ಇಳಿದು ಬರುತ್ತದೆ! ಈ ವಿದ್ಯೆಯನ್ನು ಲಂಡನ್ನಿಗೆ ಕಲಿಸಿದವನು ಪುಣೆಯ ಹತ್ತಿರದ, ಇಟ್ಟಿಗೆ ಸುಡುವ ಕುಲದ ಒಬ್ಬ ಅನಾಮಿಕ. ಅವನ ಕೈಯಲ್ಲಿ ಹೊಸದಾಗಿ ಮೂಡಿದ ಆ ಮೂಗು ಕಳೆದುಹೋಗಿದ್ದದ್ದು ನಮ್ಮ ಮೈಸೂರು ಸೀಮೆಯ ಯುದ್ಧದಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಂದಿ ಮಿರಜಿಗೋ ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗಿ ಪ್ಲಾಸ್ಟಿಕ್ ಸರ್ಜನ್ ಎದುರು ಅಂಜುತ್ತ ಕೇಳುವ ಪ್ರಶ್ನೆಗಳ ಬೆನ್ನು ಹತ್ತಿದರೆ ಕೊನೆಗೆ ಸಿಗುವುದು ಆ ಮೂಗಿನ ಒಡೆಯನಾದ ಒಬ್ಬ ಎತ್ತು ಹೊಡೆಯುವವನ ಮುಖ.

ಅದು 1794ರ ಅಕ್ಟೋಬರ್ ತಿಂಗಳ ‘ಜಂಟಲ್‌ಮನ್ಸ್ ಮ್ಯಾಗಜಿನ್’. ಅದರಲ್ಲೊಂದು ಪತ್ರ, ಜೊತೆಗೊಂದು ಚಿತ್ರ. ಚಿತ್ರದಲ್ಲಿರುವವನ ಹೆಸರು ಕಾವಸ್‌ಜಿ. ಮರಾಠಾ ಒಕ್ಕಲಿನವನು, ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದವನು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿಬಿಟ್ಟರು. ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಬದುಕಿದ. ಆಮೇಲೆ ಆ ಇಟ್ಟಿಗೆಯವನ ಮುಂದೆ ಹೋಗಿ ಕುಳಿತ.

ಮುಂದಿನದನ್ನು ಓದುವಾಗ ಮೈ ಝುಂ ಎನ್ನುತ್ತದೆ. ಅರಿವಳಿಕೆ ಎಂಬುದು ಹುಟ್ಟಲು ಇನ್ನೂ ಅರ್ಧ ಶತಮಾನ ಬಾಕಿ! ತೆಳ್ಳಗಿನ ಮೇಣದ ಹಾಳೆಯನ್ನು ಮೊಂಡು ಮೂಗಿನ ಮೇಲಿಟ್ಟು ಅಂದದ ಮೂಗಿನ ಆಕಾರಕ್ಕೆ ತರುವುದು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ಹಚ್ಚಿ ಸುತ್ತಲೂ ಗೆರೆ ಎಳೆಯುವುದು. ಗೆರೆಯ ಗುಂಟ ಚರ್ಮ ಬಿಡಿಸುವುದು. ಆದರೆ ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸಬಾರದು! ಆ ಪಟ್ಟಿಯ ಮೇಲೆಯೇ ಚರ್ಮವನ್ನು ತಿರುಗಿಸಿ ಕೆಳಗಿಳಿಸಿ, ಮೂಗಿನ ಜಾಗದಲ್ಲಿ ಕೊಯ್ದು ಮಾಡಿದ ಸೀಳಿನೊಳಗೆ ಅಂಚುಗಳನ್ನು ಕೂರಿಸುವುದು. ಅಂಟಿಕೊಳ್ಳಲು ಏನು ಹಚ್ಚಿದರು ಅಂತೀರಿ? ಕಾಚು! ಎಲೆ‑ಅಡಿಕೆಯ ಜೊತೆ ಬಾಯಿಗೆ ಹಾಕಿಕೊಳ್ಳುವ ಅದೇ ಕಾಚನ್ನು ನೀರಿನಲ್ಲಿ ಮೆತ್ತಗೆ ಮಾಡಿ, ಬಟ್ಟೆಯ ಪಟ್ಟಿಗೆ ಸವರಿ, ಒಂದರ ಮೇಲೊಂದು ಐದಾರು ಪದರ ಇಟ್ಟರು. ನಾಲ್ಕು ದಿನ ಬೇರೇನೂ ಇಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ಚೂರು. ಇಪ್ಪತ್ತೈದನೆಯ ದಿನದ ಸುಮಾರಿಗೆ ಹುಬ್ಬಿನ ನಡುವಿನ ಆ ಪಟ್ಟಿಗೆ ಕತ್ತರಿ.

ಇಪ್ಪತ್ತೈದು ದಿನ! ಇವತ್ತಿನ ಆಪರೇಷನ್ ಥಿಯೇಟರಿನಲ್ಲಿ ಇದೇ ಕೆಲಸ ಮಾಡುವ ಸರ್ಜನ್ ಆ ಪಟ್ಟಿಯನ್ನು ಕತ್ತರಿಸುವುದು ಸುಮಾರು ಮೂರು ವಾರಕ್ಕೆ. ಹುಬ್ಬಿನ ಒಳತುದಿಯಲ್ಲಿ ಒಂದು ಸಣ್ಣ ರಕ್ತನಾಳ ಹಣೆಗೆ ಏರುತ್ತದೆ. ಹೊಸ ಜಾಗದಲ್ಲಿ ಹೊಸ ನಾಳಗಳು ಚಿಗುರುವವರೆಗೆ ಮೂಗಿನ ಜೀವ ಅದರಲ್ಲೇ. ಬೇರು ಕೀಳದೆ ಬಳ್ಳಿಯನ್ನು ಬಗ್ಗಿಸಿ ಪಕ್ಕದ ಮಡಿಯಲ್ಲಿ ಊರಿದ ಹಾಗೆ. ಆ ನಾಳಕ್ಕೆ ಇಂಗ್ಲಿಷ್ ಹೆಸರಿದೆ ಎಂಬುದು ಇಟ್ಟಿಗೆಯವನಿಗೆ ಗೊತ್ತಿರಲಿಲ್ಲ. ಅದನ್ನು ಕತ್ತರಿಸಬಾರದು ಎಂಬುದು ಗೊತ್ತಿತ್ತು. ಇನ್ನೊಂದು ಬೆರಗು: ಪಟ್ಟಿ ಕತ್ತರಿಸುವ ಮುಂಚೆ ಹೊಸ ಮೂಗನ್ನು ಮುಟ್ಟಿದರೆ ರೋಗಿಗೆ ಯಾರೋ ಹಣೆ ಮುಟ್ಟಿದಂತೆ ಅನಿಸುತ್ತದೆ! ನರಗಳಿಗೆ ತಮ್ಮ ಹಳೆಯ ಊರು ಮರೆತಿರುವುದಿಲ್ಲ.

ಆ ಪತ್ರ ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಅಭ್ಯಾಸ ಮಾಡುತ್ತ ಇಪ್ಪತ್ತು ವರ್ಷ ಕಾದು, 1814ರಲ್ಲಿ ಒಬ್ಬ ಸೇನಾಧಿಕಾರಿಗೆ ಮೂಗು ಕಟ್ಟಿದ, 1816ರಲ್ಲಿ ಪುಸ್ತಕ ಬರೆದ. ಅಲ್ಲಿಂದ ಈ ವಿದ್ಯೆ ಯುರೋಪಿನ ತುಂಬ ಹರಡಿತು.

ಈಗ ನಮ್ಮ ಪ್ರಶ್ನೆಗಳಿಗೆ ಬರೋಣ. “ಒಳಗ ಪ್ಲಾಸ್ಟಿಕ್ ಹಾಕ್ತಾರೇನ್ರಿ?” ಇಲ್ಲ. ಸಿಲಿಕೋನ್ ಕೂರಿಸುವ ಕೆಲವು ಶಸ್ತ್ರಚಿಕಿತ್ಸೆಗಳಿವೆ, ನಿಜ. ಉಳಿದಂತೆ ಬೇಕಾದ ಸಾಮಾನೆಲ್ಲ ರೋಗಿಯ ಮೈಯಲ್ಲೇ ಇದೆ.

“ಸುಟ್ಟ ಗಾಯಕ್ಕ ತೊಡಿ ತೊಗಲ ತಗದ್ರ, ತೊಡಿಗೆ ಏನ್ ಉಳೀತೈತ್ರಿ?” ಎಂಥ ಒಳ್ಳೆಯ ಪ್ರಶ್ನೆ! ತೆಗೆಯುವುದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ತೆಳುವಾದ ಪದರ. ಕೂದಲಿನ ಬುಡಗಳೂ ಬೆವರಿನ ಗ್ರಂಥಿಗಳೂ ಕೆಳಗೇ ಉಳಿಯುತ್ತವೆ; ಅಲ್ಲಿನ ಜೀವಕೋಶಗಳು ಎದ್ದು ಬಂದು ಎರಡು ವಾರದ ಆಸುಪಾಸಿನಲ್ಲಿ ತೊಡೆಗೆ ಹೊಸ ಹೊದಿಕೆ ಹಾಕಿಬಿಡುತ್ತವೆ. ಇತ್ತ ಗಾಯದ ಮೇಲೆ ಹಚ್ಚಿದ ಚರ್ಮಕ್ಕೆ ಮೊದಲ ಒಂದೆರಡು ದಿನ ರಕ್ತವೇ ಇರುವುದಿಲ್ಲ. ಕೆಳಗಿನ ಹಸಿ ಗಾಯದ ರಸ ಹೀರಿ ಜೀವ ಹಿಡಿದಿರುತ್ತದೆ. ಆಮೇಲೆ ಕೆಳಗಿನ ಸಣ್ಣ ನಾಳಗಳು ಮೇಲಿನವನ್ನು ಹುಡುಕಿಕೊಂಡು ಬಂದು ಕೂಡಿಕೊಳ್ಳುತ್ತವೆ. ಯಾರೂ ಹೊಲಿಯದೆ!

“ಕಲಿ ಉಳೀತೈತೇನ್ರಿ?” ಉಳಿಯುತ್ತದೆ. ಕೊಯ್ದಲ್ಲಿ ಕಲೆ ಇದ್ದೇ ಇರುತ್ತದೆ. ಚರ್ಮದ ನೈಜ ಗೆರೆಯಲ್ಲಿ ಅದನ್ನು ಅಡಗಿಸುವುದು ಸರ್ಜನ್‌ನ ಜಾಣತನ, ಅದು ಮಾಗಿ ಮಸುಕಾಗಲು ವರ್ಷವೇ ಬೇಕು. ಕಲೆಯೇ ಇಲ್ಲದ ಸರ್ಜರಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಇನ್ನು ತಂಬಾಕಿನ ಮಾತು. ನಿಪ್ಪಾಣಿ ಎಂದರೆ ತಂಬಾಕು, ತಂಬಾಕು ಎಂದರೆ ನಿಪ್ಪಾಣಿ. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ ಕೆನ್ನೆಗೆ ಒತ್ತರಿಸಿ ಇಟ್ಟವರ ಬಾಯಿಗೆ ಕ್ಯಾನ್ಸರ್ ಬಂದು, ದವಡೆಯನ್ನೇ ತೆಗೆಯಬೇಕಾಗಿ ಬಂದಾಗ ಪ್ಲಾಸ್ಟಿಕ್ ಸರ್ಜನ್ ನೋಡುವುದು ಎಲ್ಲಿ ಗೊತ್ತೇ? ಕಾಲನ್ನು! ಮೊಣಕಾಲ ಕೆಳಗೆ ಎರಡು ಎಲುಬು. ಮೈಭಾರದ ಬಹುಪಾಲನ್ನು ದಪ್ಪದ್ದೇ ಹೊರುತ್ತದೆ. ತೆಳ್ಳಗಿನದರ ನಡುಭಾಗವನ್ನು ರಕ್ತನಾಳ ಸಮೇತ ತೆಗೆದು, ದವಡೆಯ ಬಾಗಿಗೆ ತಕ್ಕಂತೆ ತುಂಡರಿಸಿ ಜೋಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಕುತ್ತಿಗೆಯ ನಾಳಕ್ಕೆ ಹೊಲಿಯುತ್ತಾರೆ. ಅಮೆರಿಕದ ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದ ವಿಧಾನ ಇದು. “ಹಂಗಾದ್ರ ನಡಿಯೂದ್ ಹೆಂಗ್ರಿ?” ನಡೆಯುತ್ತಾರೆ, ಆ ಕಾಲಿನ ಮೇಲೇ! ಆ ಎಲುಬಿನಲ್ಲಿ ಹಲ್ಲನ್ನೂ ನೆಡಬಹುದು.

“ಬೀಡಿ ಬಿಡಾಕs ಬೇಕೇನ್ರಿ?” ಬಿಡಲೇಬೇಕು. ನಿಕೋಟಿನ್ ಸಣ್ಣ ನಾಳಗಳನ್ನು ಕುಗ್ಗಿಸುತ್ತದೆ. ಹಚ್ಚಿದ ಚರ್ಮಕ್ಕೆ ರಕ್ತ ಸಾಲದೆ ಕಪ್ಪಾಗಿ ಸಾಯುತ್ತದೆ. ಅದಕ್ಕೇ ಸರ್ಜನ್ನರು ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮುಂಚೆ ಬಿಡಿ ಎನ್ನುತ್ತಾರೆ. ತಂಬಾಕು ಬೆಳೆದ ನೆಲದಲ್ಲಿ ಇದು ಕಠಿಣ ಮಾತು, ಆದರೂ ಹೇಳಬೇಕಾದ ಮಾತು.

ನನಗೆ ಬಹಳ ಹಿಡಿಸಿದ ಪ್ರಶ್ನೆ ಅಜ್ಜಿಯರದು. ಭಾರದ ಬೆಂಡೋಲಿ ತೂಗಿ ತೂಗಿ ಕಿವಿಯ ತೂತು ಜಗ್ಗಿ, ಒಂದು ದಿನ ಹರಿದೇ ಹೋಗಿರುತ್ತದೆ. “ಹೊಲಿಸಿದ್ರ ಮತ್ತ ಹಾಕೊಬಹುದೇನ್ರಿ?” ಹಾಕಿಕೊಳ್ಳಬಹುದು! ಅಷ್ಟು ಜಾಗಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು ಹೊಲಿಯುತ್ತಾರೆ, ಅದೇ ದಿನ ಮನೆಗೆ. ಎರಡು ಮೂರು ತಿಂಗಳು ಬಿಟ್ಟು, ಹೊಲಿಗೆಯ ಗೆರೆಯ ಮೇಲಲ್ಲ, ಪಕ್ಕದಲ್ಲಿ ಹೊಸದಾಗಿ ಚುಚ್ಚಿಸಬೇಕು. ಹರಿದ ಕಿವಿ ಕೂಡಿಸಲು ಸುಶ್ರುತ ಸಂಹಿತೆ ಹೇಳುವ ವಿಧಾನ ಒಂದೆರಡಲ್ಲ, 15! ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವೂ ಅದೇ ಅಧ್ಯಾಯದಲ್ಲಿದೆ.

ಚೆಲುವಿನ ಚಿಕಿತ್ಸೆಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಬೊಜ್ಜು ಹೀರಿಸುವುದರಿಂದ ಮೈಯ ಆಕಾರ ಬದಲಾಗುತ್ತದೆ, ತೂಕ ಇಳಿಸುವ ಉಪಾಯ ಅದಲ್ಲ. ಬೊಟಾಕ್ಸ್ ಇರುವುದು ಮೂರು ನಾಲ್ಕು ತಿಂಗಳು. “ರೊಕ್ಕಾ ಎಷ್ಟ್ರಿ?” ಎಂಬುದಕ್ಕೆ ಆಸ್ಪತ್ರೆಗೊಂದು ಉತ್ತರ, ಸಾಮಾನ್ಯವಾಗಿ ಚೆಲುವಿಗಾಗಿ ಮಾಡಿಸಿದ್ದಕ್ಕೆ ವಿಮೆ ಇಲ್ಲ, ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ ಉಂಟು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಬೊಜ್ಜು ತೆಗೆಸಲು ಹೋದ ಕಿರುತೆರೆ ನಟಿಯೊಬ್ಬಳು ಜೀವ ಕಳೆದುಕೊಂಡಳು, ವಯಸ್ಸು ಇಪ್ಪತ್ತೊಂದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಆಗಿದೆಯೇ, ಅರಿವಳಿಕೆ ತಜ್ಞರು ಯಾರು, ಐಸಿಯು ಇದೆಯೇ ಎಂದು ಮೊದಲು ಕೇಳಿ. ಕೇಳಲು ಸಂಕೋಚ ಬೇಡ.

ಕಾವಸ್‌ಜಿಗೆ ಮೂಗು ಬಂತು, ಕೈ ಬರಲಿಲ್ಲ. ತುಂಡಾದದ್ದನ್ನು ಕೂಡಿಸುವ ಕಾಲಕ್ಕೆ ಇನ್ನೂ 170 ವರ್ಷ ಇತ್ತು. 1962ರಲ್ಲಿ ಬೋಸ್ಟನ್ನಿನಲ್ಲಿ 12 ವರ್ಷದ ಹುಡುಗನ ತೋಳು ಕೂಡಿತು. 1968ರಲ್ಲಿ ಜಪಾನಿನ ಕೊಮಾತ್ಸು, ತಮಾಯಿ ತುಂಡಾದ ಹೆಬ್ಬೆರಳನ್ನು ಕೂಡಿಸಿದ ವರದಿ ಪ್ರಕಟಿಸಿದರು. ಬೆರಳಿನ ನಾಳದ ಅಗಲ ಮಿಲಿಮೀಟರಿನಷ್ಟು, ಹೊಲಿಯುವ ದಾರ ತಲೆಗೂದಲಿಗಿಂತ ಸಪೂರ!

ಕಬ್ಬಿನ ಗಾಣ, ಮೇವಿನ ಕಟರ್, ರಾಶಿಯ ಮಷಿನ್ ಇರುವ ನಮ್ಮ ಐದೂ ತಾಲ್ಲೂಕಿನ ಮನೆಗಳಿಗೆ ಈ ಕೊನೆಯ ಮಾತು. ಬೆರಳು ತುಂಡಾದರೆ ಬಿಸಾಡಬೇಡಿ, ಅರಿಶಿಣ ಹಚ್ಚಬೇಡಿ, ನೇರ ಬರ್ಫಿನಲ್ಲಿ ಹಾಕಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಬರ್ಫು ಬೆರೆಸಿದ ನೀರಿನಲ್ಲಿಡಿ. ಗಾಯವನ್ನು ಒತ್ತಿ ಕಟ್ಟಿ ಎತ್ತರಕ್ಕೆ ಹಿಡಿಯಿರಿ. ಹೊರಡುವಾಗಲೇ ಫೋನ್ ಮಾಡಿ, ಬೆರಳು ಕೂಡಿಸುವ ಸರ್ಜನ್ ಇದ್ದಾರೆಯೇ ಎಂದು ಕೇಳಿಕೊಂಡು, ಆರು ತಾಸಿನೊಳಗೆ ಅಲ್ಲಿಗೆ ಮುಟ್ಟಿ.