ರೂಮಿನ ಲ್ಯಾಪ್‌ಟಾಪಿಗೆ ಬೀಗ ಹಾಕುವವರು ಯಾರು?

ಶಾರ್ಜಾದ ನಮ್ಮ ರೂಮಿನಲ್ಲಿ ಆರು ಮಂಚ, ಒಂದು ಲ್ಯಾಪ್‌ಟಾಪ್. ಊರಿಗೆ ಹೋದವರೊಬ್ಬರು ಬಿಟ್ಟುಹೋದದ್ದು ಅದು. ರಜೆಯ ದಿನ ಒಬ್ಬರು ಸಿನಿಮಾ ನೋಡಿದರೆ, ಇನ್ನೊಬ್ಬರು ಬ್ಯಾಂಕಿನ ಕೆಲಸ ಮುಗಿಸುತ್ತಾರೆ. ಪಾಸ್‌ವರ್ಡ್ ಎಂಬುದೇ ಇರಲಿಲ್ಲ. ಎಲ್ಲರೂ ನಮ್ಮವರೇ ಅಲ್ಲವೇ ಎಂಬ ಧೈರ್ಯ.

ಕಳ್ಳ ಬಂದದ್ದು ಹೊರಗಿನಿಂದ. ಒಂದು ರಾತ್ರಿ ನಮ್ಮ ಗೆಳೆಯ ಸಿನಿಮಾ ಹುಡುಕುತ್ತಿದ್ದಾಗ ಪರದೆ ತುಂಬಾ ಕೆಂಪಾಯಿತು, ಸೈರನ್ ಕೂಗಿತು. 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ' ಎಂಬ ಸೂಚನೆ. ಕರೆ ಮಾಡಿದ. ಆ ಕಡೆಯವನು ಮರ್ಯಾದೆಯಿಂದಲೇ ಹಿಂದಿಯಲ್ಲಿ ಮಾತಾಡಿ, ದೂರದಿಂದ ಕಂಪ್ಯೂಟರ್ ನಡೆಸುವ ಒಂದು ಆ್ಯಪ್ ಹಾಕಿಸಿದ. 'ಸರ್ವಿಸ್ ಚಾರ್ಜ್ ಐದೇ ರೂಪಾಯಿ' ಎಂದು ಊರಿನ ಬ್ಯಾಂಕಿನ ಪುಟ ತೆರೆಸಿದ. ಫೋನಿಗೆ ಬಂದ ಓಟಿಪಿಯನ್ನು ಇವನೇ ಓದಿ ಹೇಳಿದ. ತಂಗಿಯ ಮದುವೆಗೆಂದು ಕೂಡಿಟ್ಟಿದ್ದ ಹಣ ಮೂರು ಕಂತಿನಲ್ಲಿ ಹೋಯಿತು.

"ನಾಲ್ಕು ದಿವಸ ಹೇಳ್ಲಿಕ್ಕೇ ಆಗ್ಲಿಲ್ಲ ಮಾರಾಯ್ರೇ, ನಾಚಿಕೆ ಆಯ್ತು" ಎಂದ. ಹಣಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಆ ನಾಲ್ಕು ದಿನ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಬೇಗ ದೂರು ಕೊಟ್ಟರೆ ನಡುದಾರಿಯಲ್ಲೇ ತಡೆಯಲು ಅವಕಾಶವಿದೆ. ಊರಿನ ಖಾತೆಯಾದರೆ ಮನೆಯವರಿಂದ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿಸಬೇಕು, ಭಾರತ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಇಲ್ಲಿನ ಖಾತೆಯಾದರೆ ಮೊದಲು ಬ್ಯಾಂಕಿಗೆ, ಆಮೇಲೆ ಪೊಲೀಸರಿಗೆ. ದುಬೈ ಪೊಲೀಸರ ಇ-ಕ್ರೈಮ್ ವ್ಯವಸ್ಥೆಯಲ್ಲಿ ಕುಳಿತಲ್ಲಿಂದಲೇ ದೂರು ಕೊಡಬಹುದು. ನಾಚಿಕೆಪಡಲು ಆಮೇಲೆ ಬೇಕಾದಷ್ಟು ಸಮಯವಿದೆ.

ಆ ಕೆಂಪು ಪರದೆ ವೈರಸ್ ಆಗಿರಲಿಲ್ಲ, ಬರೀ ಒಂದು ಜಾಲಪುಟ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಚ್ಚಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮೋಸ ಹೋಗುವುದು ನಮ್ಮಂಥ ಓದು ಕಡಿಮೆಯವರು ಮಾತ್ರ ಎಂದುಕೊಳ್ಳುವುದೂ ಬೇಡ. 2012ರ ಆಗಸ್ಟ್‌ನಲ್ಲಿ ಶಮೂನ್ ಎಂಬ ವೈರಸ್ ಸೌದಿ ಅರಾಮ್ಕೊದಂಥ ಕಂಪನಿಯ ಸುಮಾರು 30,000 ಕಂಪ್ಯೂಟರ್‌ಗಳನ್ನು ಕೆಡವಿತ್ತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಜಗತ್ತನ್ನೇ ನಡುಗಿಸಿದಾಗ, ಅದಕ್ಕೆ ಬೇಕಾದ ವಿಂಡೋಸ್ ಅಪ್‌ಡೇಟ್ ಬಂದು ಎರಡು ತಿಂಗಳಾಗಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ ಎಂಬುದನ್ನು ಹಳೆ ಲ್ಯಾಪ್‌ಟಾಪ್ ಇರುವವರು ಗಮನಿಸಬೇಕು. ಪರಿಚಯದ ಹುಡುಗ ಹಾಕಿಕೊಟ್ಟ 'ಕ್ರ್ಯಾಕ್' ವಿಂಡೋಸ್ ಆದರಂತೂ ಮನೆಯ ಬೀಗದ ಕೈ ದಾರಿಹೋಕನಿಗೆ ಕೊಟ್ಟ ಹಾಗೆ.

ನಮ್ಮಂಥವರಿಗೆ ಇನ್ನೂ ಕೆಲವು ಬೇರೆಯೇ ಅಪಾಯಗಳಿವೆ. ಇಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲವೆಂದು ಯಾರೋ ಹೇಳಿದ ಉಚಿತ ವಿಪಿಎನ್ ಹಾಕಿಕೊಳ್ಳುತ್ತೇವೆ. ನಮ್ಮ ಇಂಟರ್‌ನೆಟ್ ವ್ಯವಹಾರವೆಲ್ಲ ಆ ಅಪರಿಚಿತನ ಕೈ ದಾಟಿಯೇ ಹೋಗುತ್ತದೆ. ಸಾಲದ್ದಕ್ಕೆ ವಿಪಿಎನ್ ಬಳಸಿ ಅಪರಾಧ ಎಸಗಿದರೆ ಯುಎಇ ಕಾನೂನಿನಲ್ಲಿ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಮ್. ಬೋಟಿಮ್‌ನಂಥ ಅನುಮತಿ ಇರುವ ಆ್ಯಪ್ ಇರುವಾಗ ಈ ಉಸಾಬರಿ ಯಾಕೆ?

ಟೈಪಿಂಗ್ ಸೆಂಟರಿನದ್ದು ಮತ್ತೊಂದು ಕಥೆ. ಪ್ರಿಂಟ್ ತೆಗೆಯಲು ಅಲ್ಲಿನ ಕಂಪ್ಯೂಟರಿನಲ್ಲಿ ಇಮೇಲ್ ತೆರೆದು ಹಾಗೇ ಎದ್ದು ಬರುತ್ತೇವೆ. ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಐಡಿ ಎಲ್ಲವೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕುಳಿತಿರುತ್ತವೆ. ಅಳಿಸಿ, ಸೈನ್ ಔಟ್ ಮಾಡಿಯೇ ಕುರ್ಚಿ ಬಿಡಬೇಕು.

ಊರಿನ ಸಿಮ್ಮಿನ ವಿಷಯ ಅನೇಕರಿಗೆ ಹೊಳೆಯುವುದೇ ಇಲ್ಲ. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ರದ್ದಾದರೆ, 90 ದಿನ ಕಳೆದ ಮೇಲೆ ಅದು ಬೇರೊಬ್ಬರ ಕೈ ಸೇರಬಹುದು. ಬ್ಯಾಂಕಿಗೆ, ಇಮೇಲಿಗೆ ಅದೇ ನಂಬರ್ ಕೊಟ್ಟಿದ್ದರೆ ಓಟಿಪಿ ಹೋಗುವುದೂ ಅವರಿಗೇ. ನಮ್ಮಲ್ಲೇ ಇಬ್ಬರ ಸಿಮ್ ಊರಿನ ಕಪಾಟಿನಲ್ಲಿ ಸತ್ತು ಬಿದ್ದಿತ್ತು.

ಈಗ ಆರು ಜನಕ್ಕೂ ಲ್ಯಾಪ್‌ಟಾಪಿನಲ್ಲಿ ಬೇರೆಬೇರೆ ಖಾತೆ ಮಾಡಿದ್ದೇವೆ. ಹೊಸ ಸಾಫ್ಟ್‌ವೇರ್ ಹಾಕುವ ಅಡ್ಮಿನ್ ಪಾಸ್‌ವರ್ಡ್ ರೂಮಿನ ಹಿರಿಯಣ್ಣನ ಹತ್ತಿರ ಮಾತ್ರ. ಬಾಡಿಗೆ ಲೆಕ್ಕದಲ್ಲಿ ಅವರೆಷ್ಟು ಗಟ್ಟಿಯೆಂಬುದು ನಮಗೆ ಮೊದಲೇ ಗೊತ್ತು. ರೂಮು ಬಿಟ್ಟು ಹೋದ ಹಳಬರೆಲ್ಲರಿಗೂ ಗೊತ್ತಿದ್ದ ವೈಫೈ ಪಾಸ್‌ವರ್ಡನ್ನೂ, ರೂಟರ್ ಬಂದಾಗಿನಿಂದ ಮುಟ್ಟದೇ ಇದ್ದ ಅದರ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿದೆವು. ವಾಟ್ಸಾಪಿನ 'ಲಿಂಕ್ಡ್ ಡಿವೈಸಸ್' ತೆರೆದು ನೋಡಿದರೆ, ಒಬ್ಬನ ಖಾತೆ ಹಳೆಯ ಆಫೀಸಿನ ಕಂಪ್ಯೂಟರಿನಲ್ಲಿ ಇನ್ನೂ ತೆರೆದೇ ಇತ್ತು!

ಗೆಳೆಯನ ಹಣದಲ್ಲಿ ವಾಪಸ್ ಬಂದದ್ದು ಕೊನೆಯ ಕಂತು ಮಾತ್ರ. ಉಳಿದದ್ದಕ್ಕೆ ನಾವು ಐವರು ಚೀಟಿಯ ಸರದಿಯನ್ನು ಅವನಿಗೆ ಬಿಟ್ಟುಕೊಟ್ಟೆವು. ತಂಗಿಯ ಮದುವೆ ನಿಗದಿಯಾದ ದಿನವೇ ನಡೆಯಿತು. ರಜೆ ಸಿಗದ ಅವನು ನಮ್ಮೆಲ್ಲರ ನಡುವೆ ಕುಳಿತು, ಅದೇ ಲ್ಯಾಪ್‌ಟಾಪಿನಲ್ಲಿ ಧಾರೆ ನೋಡಿದ.